ವಯನಾಡಿನ ಜೈನ ಸಮಾಜ: ನೆಲೆ ಮತ್ತು ಜನ

ಧರ್ಮವು ಧಾರ್ಮಿಕರಿಲ್ಲದೆ ನಿಲ್ಲದು ಎಂಬ ಮಾತು ನಮ್ಮ ಪೂರ್ವಾಚಾರ್ಯರ ಕಾಲದಿಂದಲೂ ಬಂದಿದೆ. ಜಿನಬಿಂಬದ ಪ್ರತಿಷ್ಠೆಯಾಗಿ, ಧಾಮಸಂಪ್ರೋಕ್ಷಣೆ ನಡೆದು, ಶಿಖರದ ಮೇಲೆ ಕಲಶ ಬೆಳಗುವ ಈ ಶುಭ ಸಂದರ್ಭದಲ್ಲಿ ಆ ಮಾತಿನ ಅರ್ಥವನ್ನು ಇನ್ನೊಮ್ಮೆ ಚಿಂತಿಸುವುದು ಉಚಿತ. ಕನ್ನಡ ನಾಡಿನ ಜೈನ ಕೇಂದ್ರಗಳೆಂದೊಡನೆ ಶ್ರವಣಬೆಳಗೊಳ, ಮೂಡುಬಿದಿರೆ, ಕಾರ್ಕಳ, ವೇಣೂರು, ಹೊಂಬುಜಗಳು ನಮ್ಮ ಕಣ್ಣ ಮುಂದೆ ಬರುತ್ತವೆ. ಅಲ್ಲಿಯ ಮಠಗಳು, ಗೊಮ್ಮಟ ಬಿಂಬಗಳು, ಸಾಹಿತ್ಯ ಭಂಡಾರಗಳು ಲೋಕವಿಖ್ಯಾತವಾದವು. ಆದರೆ ಮೈಸೂರು ಸೀಮೆಯ ಗಡಿಯಾಚೆ, ಸಹ್ಯಾದ್ರಿಯ ಮಡಿಲಲ್ಲಿ, ಮಠದ ಆಸರೆಯಿಲ್ಲದೆ, ಅರಸರ ಆಶ್ರಯವಿಲ್ಲದೆ, ಬೆರಳೆಣಿಕೆಯ ಬಸದಿಗಳನ್ನು ನೆಮ್ಮಿಕೊಂಡು ಶತಮಾನಗಳ ಕಾಲ ಬಾಳಿಬಂದ ಒಂದು ಚಿಕ್ಕ ದಿಗಂಬರ ಸಮಾಜವಿದೆ. ಅದು ಇಂದಿನ ಕೇರಳ ರಾಜ್ಯಕ್ಕೆ ಸೇರಿದ ವಯನಾಡಿನ ಜೈನ ಸಮಾಜ. ಅವರ ನೆಲೆ ಎಂತಹುದು, ಅವರ ಸಂಖ್ಯೆ ಎಷ್ಟು, ಅವರಲ್ಲಿ ಉಳಿದುದೇನು, ಅಳಿದುದೇನು ಎಂಬುದನ್ನು ಅವಲೋಕಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಾಡಿನ ಸ್ವರೂಪ

ವಯನಾಡು ಪಶ್ಚಿಮ ಘಟ್ಟಗಳ ಮೇಲಿನ ಒಂದು ಪ್ರಸ್ಥಭೂಮಿ. ಸಮುದ್ರಮಟ್ಟದಿಂದ ಸುಮಾರು 700 ಮೀಟರಿನಿಂದ 2,100 ಮೀಟರಿನವರೆಗೆ ಏರಿಳಿಯುವ ಈ ನಾಡಿನ ವಿಸ್ತೀರ್ಣ 2,130 ಚದರ ಕಿಲೋಮೀಟರುಗಳಿಗೆ ತುಸು ಹೆಚ್ಚು. ದಕ್ಷಿಣದಲ್ಲಿ ಚೆಂಬ್ರ ಶಿಖರ, ಪಶ್ಚಿಮದಲ್ಲಿ ಬಾಣಾಸುರ ಬೆಟ್ಟ, ಉತ್ತರದಲ್ಲಿ ಕೊಡಗಿನ ಕಡೆಗೆ ಬ್ರಹ್ಮಗಿರಿಯ ಸಾಲು. ಇವುಗಳ ನಡುವೆ ಸಣ್ಣ ಸಣ್ಣ ಗುಡ್ಡಗಳು, ಗುಡ್ಡಗಳ ಬುಡದಲ್ಲಿ ಹಾವಿನಂತೆ ಹರಿದುಹೋದ ಗದ್ದೆಗಳ ಸಾಲು. ಪಶ್ಚಿಮಕ್ಕೆ ಮಲಬಾರಿನ ಬಯಲಿಗಿಳಿಯುವ ಘಟ್ಟ ಕಡಿದಾದದ್ದು; ತಾಮರಶ್ಶೇರಿಯ ಘಾಟಿಯಲ್ಲಿ ಒಂಬತ್ತು ತಿರುವುಗಳನ್ನು ದಾಟಿಯೇ ಇಳಿಯಬೇಕು. ಪೂರ್ವದ ಕಡೆಗೆ ಮಾತ್ರ ನೆಲವು ಮೆಲ್ಲಗೆ ಇಳಿಜಾರಾಗಿ ಗುಂಡ್ಲುಪೇಟೆ, ಹೆಗ್ಗಡದೇವನಕೋಟೆಗಳ ಕಾಡಿನೊಂದಿಗೆ ಬೆರೆತುಹೋಗುತ್ತದೆ.

ನೀರಿನ ಹರಿವೂ ಇದೇ ಮಾತನ್ನು ಹೇಳುತ್ತದೆ. ಕೇರಳದ ನದಿಗಳಲ್ಲಿ ಬಹುತೇಕ ಎಲ್ಲವೂ ಪಶ್ಚಿಮಕ್ಕೆ ಹರಿದು ಕಡಲು ಸೇರುತ್ತವೆ. ಪೂರ್ವಕ್ಕೆ ಹರಿಯುವ ನದಿಗಳು ಮೂರೇ ಮೂರು. ಅವುಗಳಲ್ಲೊಂದು ಕಬಿನಿ. ಪನಮರಂ ಹೊಳೆ, ಮಾನಂತವಾಡಿ ಹೊಳೆಗಳು ಕೂಡಿ ಕಬಿನಿಯಾಗಿ ಕನ್ನಡ ನಾಡನ್ನು ಪ್ರವೇಶಿಸಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯೊಡನೆ ಸಂಗಮಿಸುತ್ತದೆ. ನೆಲ ಬಾಗಿದ ಕಡೆಗೆ ನೀರು ಹರಿಯಿತು; ನೀರಿನ ಜಾಡು ಹಿಡಿದು ಜನ ಹತ್ತಿ ಬಂದರು. ಮಲಬಾರಿನ ಕರಾವಳಿಗಿಂತ ಮೈಸೂರು ಸೀಮೆಯೇ ಈ ನಾಡಿಗೆ ಸುಲಭ ಸಂಪರ್ಕದ ನೆರೆಯಾಗಿತ್ತು ಎಂಬುದನ್ನು ಮೊದಲು ಮನಗಂಡರೆ, ಇಲ್ಲಿ ಕನ್ನಡ ಜೈನರು ನೆಲೆಸಿದ್ದು ಹೇಗೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ದೊರೆತಂತೆ.

ಬಯಲ್ನಾಡು

ವಯನಾಡು ಎಂಬ ಹೆಸರನ್ನು ಗದ್ದೆಗಳ ನಾಡು ಎಂಬರ್ಥದಲ್ಲಿ 'ವಯಲ್ ನಾಡು' ಎಂದು ಬಿಡಿಸುವುದುಂಟು. ನಮ್ಮ ಕನ್ನಡ ಶಾಸನಗಳಲ್ಲಿ ಇದು 'ಬಯಲ್ನಾಡು' ಎಂದು ಕಾಣಿಸಿಕೊಳ್ಳುತ್ತದೆ. ತಮಿಳು ಮಲಯಾಳಗಳ ವಕಾರವು ಕನ್ನಡದಲ್ಲಿ ಬಕಾರವಾಗುವುದು ಭಾಷಾಶಾಸ್ತ್ರ ಬಲ್ಲವರಿಗೆ ತಿಳಿದ ವಿಷಯ. ಕದಂಬ ಕುಲದ ಒಂದು ಶಾಖೆಯವರು ಬಯಲ್ನಾಡನ್ನು ಆಳಿದರೆಂಬುದು ಮೈಸೂರು ಜಿಲ್ಲೆಯ ಶಾಸನಗಳಿಂದ ತಿಳಿದುಬರುತ್ತದೆ. ಹೊಯ್ಸಳ ವಿಷ್ಣುವರ್ಧನನು ಗೆದ್ದ ನಾಡುಗಳ ಪಟ್ಟಿಯಲ್ಲಿಯೂ ಬಯಲ್ನಾಡಿನ ಹೆಸರಿದೆ. ಅಂದರೆ ಗಂಗ, ಕದಂಬ, ಹೊಯ್ಸಳರ ಕಾಲದಲ್ಲಿ ಕನ್ನಡ ನಾಡಿನ ರಾಜಕೀಯ ವಲಯದೊಳಗೇ ಈ ಪ್ರದೇಶವು ಸೇರಿತ್ತು. ಜೈನಧರ್ಮವು ಗಂಗರ ನಾಡಿನಲ್ಲಿ ಉನ್ನತಿಯ ಶಿಖರವನ್ನು ಮುಟ್ಟಿ, ಚಾವುಂಡರಾಯನು ಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಕಾಲದಲ್ಲಿ, ಆ ಪ್ರಭೆ ಕಬಿನಿಯ ಮೇಲ್ದಂಡೆಗೂ ಹಬ್ಬಿದ್ದರೆ ಆಶ್ಚರ್ಯವಿಲ್ಲ.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಕೇರಳದಲ್ಲಿ ಜೈನಧರ್ಮದ ಇತಿಹಾಸವು ಎರಡು ಧಾರೆಗಳಲ್ಲಿ ಹರಿದಿದೆ. ಒಂದು, ದಕ್ಷಿಣದ ತಮಿಳು ನಾಡಿನಿಂದ ಬಂದ ಪ್ರಾಚೀನ ಧಾರೆ. ಇಂದು ಕನ್ಯಾಕುಮಾರಿ ಜಿಲ್ಲೆಗೆ ಸೇರಿರುವ ಚಿತರಾಲ್ ಬೆಟ್ಟದ ತೀರ್ಥಂಕರ ಶಿಲ್ಪಗಳು, ಪೆರುಂಬಾವೂರಿನ ಸಮೀಪದ ಕಲ್ಲಿಲ್ ಗುಹಾಲಯ ಇವು ಅದರ ಕುರುಹುಗಳು. ಕಾಲಕ್ರಮೇಣ ಆ ಕ್ಷೇತ್ರಗಳು ಭಗವತೀ ಆಲಯಗಳಾಗಿ ಪರಿವರ್ತನೆ ಹೊಂದಿದವು. ಇನ್ನೊಂದು, ಉತ್ತರದ ಕನ್ನಡ ನಾಡಿನಿಂದ ಬಂದ ಧಾರೆ. ವಯನಾಡಿನ ಬಸದಿಗಳು, ಪಾಲಕ್ಕಾಡಿನ ಜೈನಮೇಡಿನ ಚಂದ್ರನಾಥ ಬಸದಿ, ತುಳುನಾಡಿನ ಅಂಚಿನ ಬಂಗ್ರ ಮಂಜೇಶ್ವರದ ಚತುರ್ಮುಖ ಬಸದಿ ಈ ಧಾರೆಗೆ ಸೇರಿದವು. ಮೊದಲನೆಯ ಧಾರೆಯ ಶ್ರಾವಕರು ಇಂದು ಅಲ್ಲಿಲ್ಲ. ಎರಡನೆಯ ಧಾರೆಯವರು ಅಲ್ಪಸಂಖ್ಯೆಯಲ್ಲಾದರೂ ಉಳಿದಿದ್ದಾರೆ. ಈ ವ್ಯತ್ಯಾಸವೇ ನಮ್ಮ ವಿಚಾರಕ್ಕೆ ಮುಖ್ಯವಾದುದು.

ದಾರಿಯ ಜಾಡು, ಬಸದಿಯ ಸಾಲು

ಮೈಸೂರು ಸೀಮೆಯಿಂದ ವಯನಾಡಿಗೆ ಹೋಗಲು ಹಿಂದಿನಿಂದಲೂ ಎರಡು ಮುಖ್ಯ ದಾರಿಗಳಿವೆ. ಒಂದು ಗುಂಡ್ಲುಪೇಟೆ, ಬಂಡೀಪುರದ ಕಾಡನ್ನು ಹಾದು ಸುಲ್ತಾನ್ ಬತ್ತೇರಿಗೆ ಬಂದು, ಕಲ್ಪೆಟ್ಟ, ವೈತ್ತಿರಿಗಳ ಮೂಲಕ ಕೋಳಿಕ್ಕೋಡಿಗೆ ಇಳಿಯುವುದು. ಇನ್ನೊಂದು ಹೆಗ್ಗಡದೇವನಕೋಟೆ, ಬಾವಲಿಗಳ ಮೂಲಕ ಮಾನಂತವಾಡಿಗೆ ಬಂದು ಕಣ್ಣೂರು, ತಲಶ್ಶೇರಿಗಳತ್ತ ಇಳಿಯುವುದು. ಕರಿಮೆಣಸು, ಏಲಕ್ಕಿ, ಉಪ್ಪು, ಬಟ್ಟೆ, ಧಾನ್ಯಗಳನ್ನು ಹೇರಿದ ಎತ್ತುಗಳು ಘಟ್ಟ ಹತ್ತಿ ಇಳಿದದ್ದು ಇಂತಹ ದಾರಿಗಳಲ್ಲಿಯೇ.

ವಯನಾಡಿನ ಜೈನ ನೆಲೆಗಳನ್ನು ಒಂದು ನಕ್ಷೆಯ ಮೇಲೆ ಗುರುತಿಸಿದರೆ ಅವು ಈ ಎರಡು ದಾರಿಗಳ ಮೇಲೆ ಅಥವಾ ಅವೆರಡನ್ನು ಕೂಡಿಸುವ ಪನಮರಂ ಕಣಿವೆಯ ಆಸುಪಾಸಿನಲ್ಲಿಯೇ ಬರುವುದನ್ನು ಕಾಣಬಹುದು. ಬತ್ತೇರಿ, ಕಲ್ಪೆಟ್ಟ ಮೊದಲನೆಯ ದಾರಿಯಲ್ಲಿವೆ, ಮಾನಂತವಾಡಿ ಎರಡನೆಯದರಲ್ಲಿದೆ, ಪುಳಿಯಾರ್ಮಲ, ವರದೂರು, ವೆಣ್ಣಿಯೋಡು, ಅಂಜುಕುನ್ನು, ಪಾಲುಕುನ್ನು, ಪುತ್ತಂಗಾಡಿಗಳು ನಡುವಿನ ಗದ್ದೆ ಬಯಲಿನ ಸೆರಗಿನಲ್ಲಿವೆ. ಬಂದವರಲ್ಲಿ ವರ್ತಕರೂ ಇದ್ದರು, ಬೇಸಾಯಗಾರರೂ ಇದ್ದರು ಎಂಬುದನ್ನು ಈ ಹಂಚಿಕೆಯೇ ಸೂಚಿಸುತ್ತದೆ. ದಾರಿಯಲ್ಲಿ ಪೇಟೆ, ಬಯಲಿನಲ್ಲಿ ಗದ್ದೆ, ಎರಡರ ನಡುವೆ ಬಸದಿ. ಇಂದಿಗೂ ಈ ಸಮಾಜದವರು 'ಗೌಡರ್' ಎಂಬ ಉಪನಾಮವನ್ನು ಧರಿಸುತ್ತಾರೆ. ಅದು ಗ್ರಾಮದ ಒಕ್ಕಲುತನದ ಹಿರಿಯನಿಗೆ ಕನ್ನಡ ನಾಡಿನಲ್ಲಿರುವ ಹೆಸರೇ ಆಗಿದೆ.

ಊರ ಹೆಸರುಗಳೂ ಸಾಕ್ಷಿ ನುಡಿಯುತ್ತವೆ. ಸುಲ್ತಾನ್ ಬತ್ತೇರಿಗೆ ಹಿಂದೆ ಗಣಪತಿವಟ್ಟಂ ಎಂಬ ಹೆಸರಿದ್ದಂತೆಯೇ 'ಹನ್ನೆರಡು ಬೀದಿ' ಎಂಬ ಹೆಸರೂ ಇತ್ತು. ಎಣಿಕೆಯ ಪದವೂ ಕನ್ನಡ, ಬೀದಿಯೂ ಕನ್ನಡ. ಹನ್ನೆರಡು ಬೀದಿಗಳಲ್ಲಿ ಶ್ರಾವಕರ ಮನೆಗಳು ತುಂಬಿದ್ದವೆಂಬುದು ಪರಂಪರೆಯ ನಂಬಿಕೆ. ಪುತ್ತಂಗಾಡಿಯ ಪಾಳು ಶಿಲಾಲಯಗಳನ್ನು ಜನ ವಿಷ್ಣುಗುಡಿ, ಜನಾರ್ದನಗುಡಿ ಎಂದು ಕರೆಯುತ್ತಾರೆ. ಸುತ್ತಮುತ್ತ ದೇವಾಲಯಕ್ಕೆ 'ಅಂಬಲಂ' ಎನ್ನುವ ನಾಡಿನಲ್ಲಿ 'ಗುಡಿ' ಎಂಬ ಪದ ಉಳಿದಿರುವುದು ಗಮನಾರ್ಹ. ಜಿನಾಲಯವನ್ನು ಅಲ್ಲಿ 'ಬಸ್ತಿ' ಎಂದೇ ಕರೆಯುತ್ತಾರೆ.

ಶಿಲೆ ಉಳಿದ ಎಡೆ

ಸುಲ್ತಾನ್ ಬತ್ತೇರಿಯ ಬಸದಿಯು ಸಂಪೂರ್ಣವಾಗಿ ಕಗ್ಗಲ್ಲಿನಿಂದ ಕಟ್ಟಿದ್ದು. ಗರ್ಭಗೃಹ, ಅಂತರಾಳ, ಮಹಾಮಂಟಪ, ಮುಖಮಂಟಪಗಳೆಂಬ ವಿಭಾಗಗಳಿರುವ ಈ ಕಟ್ಟಡದ ಕಂಬಗಳಲ್ಲಿಯೂ ಬಾಗಿಲವಾಡಗಳಲ್ಲಿಯೂ ವಿಜಯನಗರ ಕಾಲದ ಶಿಲ್ಪಶೈಲಿಯ ಛಾಯೆಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಕಿಡಂಗನಾಡು ಬಸ್ತಿ ಎಂಬುದು ಇದರ ಇನ್ನೊಂದು ಹೆಸರು. ಪೂಜೆಯ ಆಲಯವಾಗಿದ್ದ ಇದು ಕಾಲಾನಂತರದಲ್ಲಿ ವ್ಯಾಪಾರದ ತಾಣವಾಯಿತು. ಹದಿನೆಂಟನೆಯ ಶತಮಾನದಲ್ಲಿ ಮೈಸೂರಿನ ಸೈನ್ಯವು ಮಲಬಾರಿಗೆ ಹೋಗಿಬರುವ ದಾರಿಯಲ್ಲಿದ್ದ ಈ ಗಟ್ಟಿ ಕಟ್ಟಡವನ್ನು ಟಿಪ್ಪೂ ಸುಲ್ತಾನನ ಕಾಲದಲ್ಲಿ ಮದ್ದುಗುಂಡುಗಳ ಉಗ್ರಾಣವಾಗಿ ಬಳಸಿತು. ಅದರಿಂದಲೇ ಇಂಗ್ಲಿಷರ ಬಾಯಲ್ಲಿ ಊರಿನ ಹೆಸರು 'ಸುಲ್ತಾನನ ಬ್ಯಾಟರಿ'ಯಾಗಿ, ಇಂದು ಬತ್ತೇರಿಯಾಗಿ ನಿಂತಿದೆ. ಹನ್ನೆರಡು ಬೀದಿಯ ಹೆಸರು ಮರೆಯಾಯಿತು. ಫಿರಂಗಿಯ ಹೆಸರು ಉಳಿಯಿತು.

1766ರಲ್ಲಿ ಹೈದರಾಲಿಯು ಮಲಬಾರಿಗಿಳಿದಂದಿನಿಂದ, 1792ರ ಶ್ರೀರಂಗಪಟ್ಟಣದ ಒಪ್ಪಂದ, 1799ರ ಯುದ್ಧ, ಅನಂತರ ಪಳಶ್ಶಿ ರಾಜನ ಹೋರಾಟ, 1805ರ ನವೆಂಬರ್ 30ರಂದು ಆತನ ಮರಣ ಇವುಗಳವರೆಗೆ ಸುಮಾರು ನಲವತ್ತು ವರ್ಷಗಳ ಕಾಲ ವಯನಾಡಿಗೆ ನೆಮ್ಮದಿ ಇರಲಿಲ್ಲ. ಜನರನ್ನು ತಂದ ದಾರಿಯೇ ಸೈನ್ಯಗಳನ್ನೂ ತಂದಿತು. ದಾರಿಯ ಮೇಲಿನ ಪೇಟೆಗಳು ಮೊದಲು ಖಾಲಿಯಾದವು. ದಾರಿಯಿಂದ ಒಳಗೆ, ಗದ್ದೆಯ ಅಂಚಿನಲ್ಲಿ ಬೇಸಾಯವನ್ನು ನಂಬಿದ್ದವರು ನೆಲವನ್ನು ಬಿಡಲಾರದೆ ನಿಂತರು. ಇಂದು ಬತ್ತೇರಿಯ ಬಸದಿಯೂ ಪುತ್ತಂಗಾಡಿಯ ಗುಡಿಗಳೂ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಗೋಡೆಗೆ ಕಾವಲಿದೆ, ಅಂಗಳದಲ್ಲಿ ಹಸಿರು ಹುಲ್ಲಿದೆ. ಗರ್ಭಗೃಹದಲ್ಲಿ ಮೂಲನಾಯಕನಿಲ್ಲ, ನಿತ್ಯಾಭಿಷೇಕದ ಘಂಟಾನಾದವಿಲ್ಲ.

ಪೂಜೆ ಉಳಿದ ಎಡೆ

ಇದಕ್ಕೆ ಪ್ರತಿಯಾಗಿ ಕಲ್ಪೆಟ್ಟದಿಂದ ಸುಮಾರು ಆರು ಕಿಲೋಮೀಟರ್ ದೂರದ ಪುಳಿಯಾರ್ಮಲದಲ್ಲಿ ಹದಿನಾಲ್ಕನೆಯ ತೀರ್ಥಂಕರನಾದ ಭಗವಾನ್ ಅನಂತನಾಥ ಸ್ವಾಮಿಯ ಬಸದಿಯು ಪೂಜೆಗೊಳ್ಳುತ್ತಿದೆ. ಕಾಫಿ ತೋಟಗಳ ನಡುವೆ ಇರುವ ಈ ಬಸದಿಯ ವಿನ್ಯಾಸ ದ್ರಾವಿಡ ಶೈಲಿಯದು. ಮಾನಂತವಾಡಿಯಲ್ಲಿ ಆದೀಶ್ವರ ಸ್ವಾಮಿಯ ಬಸದಿಯಿದೆ. ಇವಲ್ಲದೆ ಒಳಗ್ರಾಮಗಳಲ್ಲಿ ಚಿಕ್ಕ ಬಸದಿಗಳಿವೆ. ಬತ್ತೇರಿಯ ಶಿಲಾಮಂಟಪದೊಡನೆ ಹೋಲಿಸಿದರೆ ಇವುಗಳಲ್ಲಿ ಪ್ರಾಚೀನ ಶಿಲ್ಪವೈಭವ ಕಡಮೆ. ಆದರೆ ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪ, ದಾನಗಳೆಂಬ ಶ್ರಾವಕನ ಷಟ್ಕರ್ಮಗಳಲ್ಲಿ ಮೊದಲನೆಯದು ಇಲ್ಲಿ ನಿಂತಿಲ್ಲ. ಬಸದಿಯ ಬಾಳಿಕೆಯು ಅದರ ಕಲ್ಲಿನ ಗಟ್ಟಿತನದಿಂದಲ್ಲ, ಬಾಗಿಲು ತೆರೆಯುವವನ ಮನೆ ಎಷ್ಟು ಹತ್ತಿರವಿದೆ ಎಂಬುದರಿಂದ ನಿರ್ಧಾರವಾಗುತ್ತದೆ ಎಂಬುದಕ್ಕೆ ವಯನಾಡಿಗಿಂತ ಉತ್ತಮ ನಿದರ್ಶನ ಬೇಕಿಲ್ಲ.

ಜನಸಂಖ್ಯೆಯ ಲೆಕ್ಕ

ಇನ್ನು ಜನಸಂಖ್ಯೆಯನ್ನು ನೋಡೋಣ. ಅಂಕಿಗಳು ನೀರಸವೆಂದು ತೋರಿದರೂ ಅವುಗಳಲ್ಲಿ ಒಂದು ಸಮಾಜದ ಸುಖದುಃಖ ಅಡಗಿರುತ್ತದೆ. ಇಂದಿನ ವಯನಾಡು ಜಿಲ್ಲೆಯ ಪ್ರದೇಶದಲ್ಲಿ 1901ರಲ್ಲಿ ಇದ್ದ ಜನ 75,149. ನಲವತ್ತು ವರ್ಷಗಳ ಅನಂತರ, 1941ರಲ್ಲಿ, ಅದು 1,06,350 ಆಗಿತ್ತು. ಮಲೇರಿಯಾ ಜ್ವರ, ದಟ್ಟ ಕಾಡು, ಕಡಿದಾದ ಘಟ್ಟಗಳು ಹೊರಗಿನವರನ್ನು ತಡೆದಿದ್ದವು. ಅಲ್ಲಿಂದ ಮುಂದೆ ಚಿತ್ರವೇ ಬದಲಾಯಿತು. ತಿರುವಿದಾಂಕೂರಿನ ಕಡೆಯಿಂದ ಭೂಮಿಯನ್ನರಸಿ ರೈತರು ತಂಡತಂಡವಾಗಿ ವಲಸೆ ಬಂದರು. 1951ರಲ್ಲಿ 1,69,280; 1971ರಲ್ಲಿ 4,13,850; 2011ರಲ್ಲಿ 8,17,420. ಎಂದರೆ 1941ರಿಂದ 1971ರವರೆಗಿನ ಮೂವತ್ತೇ ವರ್ಷಗಳಲ್ಲಿ ಜನಸಂಖ್ಯೆ ಸುಮಾರು ನಾಲ್ಕು ಪಟ್ಟಾಯಿತು. 1901ರಿಂದ 2011ರವರೆಗೆ ಸುಮಾರು ಹನ್ನೊಂದು ಪಟ್ಟಾಯಿತು. 1980ರ ನವೆಂಬರ್ 1ರಂದು ವಯನಾಡು ಪ್ರತ್ಯೇಕ ಜಿಲ್ಲೆಯಾಯಿತು. ಇಷ್ಟು ಬೆಳೆದ ಮೇಲೂ 2011ರ ಗಣತಿಯಲ್ಲಿ ಅದೇ ಕೇರಳದ ಅತ್ಯಂತ ಕಡಮೆ ಜನರಿರುವ ಜಿಲ್ಲೆ.

ಈ ಮಹಾಪ್ರವಾಹದಲ್ಲಿ ಜೈನರ ಪಾಲೆಷ್ಟು? 2001ರ ಜನಗಣತಿಯಂತೆ ಇಡೀ ಕೇರಳ ರಾಜ್ಯದಲ್ಲಿದ್ದ ಜೈನರು 4,528. 2011ರಲ್ಲಿ ಅವರ ಸಂಖ್ಯೆ 4,489. ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ ಹದಿನೈದು ಲಕ್ಷಕ್ಕೂ ಮೀರಿ ಹೆಚ್ಚಿದರೆ, ಜೈನರು ಮೂವತ್ತೊಂಬತ್ತು ಮಂದಿ ಕಡಮೆಯಾದರು. ಈ 4,489ರಲ್ಲಿ ಕೋಳಿಕ್ಕೋಡು, ಕೊಚ್ಚಿಗಳಲ್ಲಿ ವ್ಯಾಪಾರಕ್ಕಾಗಿ ನೆಲೆಸಿದ ಗುಜರಾತಿನ ಶ್ವೇತಾಂಬರ ಬಾಂಧವರೂ, ಪಾಲಕ್ಕಾಡು, ಕಾಸರಗೋಡಿನವರೂ ಸೇರಿದ್ದಾರೆ. ಅವರೆಲ್ಲರನ್ನೂ ವಯನಾಡಿಗೇ ಸೇರಿಸಿ ಎಣಿಸಿದರೂ ಆ ಜಿಲ್ಲೆಯಲ್ಲಿ 182 ಜನರಿಗೆ ಒಬ್ಬ ಜೈನನಾಗುತ್ತಿದ್ದ. ವಾಸ್ತವದ ಪ್ರಮಾಣ ಅದಕ್ಕಿಂತಲೂ ಬಹಳ ಕಡಮೆ. ಅದೇ 2011ರಲ್ಲಿ ಕರ್ನಾಟಕದಲ್ಲಿ 4,40,280 ಜೈನರಿದ್ದರು. ಸುಮಾರು 139 ಜನರಿಗೆ ಒಬ್ಬರು. ಕೇರಳದಲ್ಲಿ ಸುಮಾರು 7,440 ಜನರಿಗೆ ಒಬ್ಬರು. ನಾವು ಇಲ್ಲಿ ಅಲ್ಪಸಂಖ್ಯಾತರೆಂದು ಚಿಂತಿಸುವಾಗ ಘಟ್ಟದಾಚೆಯ ನಮ್ಮ ಬಂಧುಗಳ ಸ್ಥಿತಿಯನ್ನು ನೆನೆಯಬೇಕು.

ನೆಲ ಮತ್ತು ದುಡಿಮೆ

ಸಂಖ್ಯೆ ಚಿಕ್ಕದಾದರೂ ಈ ಸಮಾಜವು ಬಹುಕಾಲ ಭೂಹಿಡುವಳಿಯ ಬಲದಿಂದ ಗೌರವದ ಸ್ಥಾನದಲ್ಲಿತ್ತು. ಗದ್ದೆಯ ಭತ್ತ, ಗುಡ್ಡದ ಕರಿಮೆಣಸು, ಇಂಗ್ಲಿಷರ ಕಾಲದಲ್ಲಿ ಹಬ್ಬಿದ ಕಾಫಿ ಇವೇ ಸಂಪತ್ತಿನ ಮೂಲ. ಆ ಗದ್ದೆಗಳ ಕೆಸರಿನಲ್ಲಿ ದುಡಿದವರು ಬಹುಮಟ್ಟಿಗೆ ಪಣಿಯ, ಅಡಿಯ ಮೊದಲಾದ ಆದಿವಾಸಿ ಜನರೆಂಬುದನ್ನು ಇತಿಹಾಸ ಬರೆಯುವವರು ಮರೆಯಬಾರದು. 2011ರಲ್ಲಿಯೂ ಜಿಲ್ಲೆಯ ನೂರಕ್ಕೆ ಹದಿನೆಂಟಕ್ಕೂ ಹೆಚ್ಚು ಜನ ಪರಿಶಿಷ್ಟ ಪಂಗಡಗಳಿಗೆ ಸೇರಿದವರು. ಅವರಲ್ಲಿ ಕಾಟ್ಟುನಾಯ್ಕರು, ಬೆಟ್ಟಕುರುಬರು ಮುಂತಾದವರ ನುಡಿಗಳು ಕನ್ನಡಕ್ಕೆ ತೀರ ಹತ್ತಿರವಾದವು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರಿಗೆ ದುಡಿಯುವವನ ಹಸಿವನ್ನು ನೀಗಿಸುವುದೂ ಆ ಧರ್ಮದ ಅಂಗವೇ ಸರಿ.

1963ರ ಕೇರಳ ಭೂಸುಧಾರಣಾ ಶಾಸನವು ತಿದ್ದುಪಡಿಗೊಂಡು 1970ರ ಜನವರಿ 1ರಿಂದ ಪೂರ್ಣವಾಗಿ ಜಾರಿಗೆ ಬಂದು, ಗೇಣಿ ಪದ್ಧತಿಯು ಕೊನೆಗೊಂಡಿತು. ಕಾಫಿ, ಚಹಾ, ಏಲಕ್ಕಿ, ರಬ್ಬರ್ ತೋಟಗಳಿಗೆ ಹಿಡುವಳಿಯ ಮಿತಿಯಿಂದ ವಿನಾಯಿತಿ ದೊರೆಯಿತು. ಗೇಣಿಯ ಗದ್ದೆಯನ್ನೇ ನಂಬಿದವರ ಆಧಾರ ಕುಗ್ಗಿದರೆ, ತೋಟವಿದ್ದವರು ಹೆಚ್ಚು ಭದ್ರವಾಗಿ ನಿಂತರು. ನೆಲದ ನಂಟು ಸಡಿಲವಾದಾಗ ತರುಣರು ವಿದ್ಯೆ, ಉದ್ಯೋಗಗಳನ್ನರಸಿ ನಗರಗಳತ್ತ ಮುಖ ಮಾಡುವುದು ನಮ್ಮ ತುಳುನಾಡು, ಮಲೆನಾಡುಗಳ ಗ್ರಾಮಗಳಲ್ಲಿಯೂ ಕಂಡ ಸಂಗತಿಯೇ ಆಗಿದೆ. ಇದರೊಡನೆ ಪ್ರಕೃತಿಯ ಮುನಿಸೂ ಸೇರಿದೆ. 2024ರ ಜುಲೈ 30ರ ರಾತ್ರಿ ಮೇಪ್ಪಾಡಿಯ ಸಮೀಪದ ಮುಂಡಕ್ಕೈ, ಚೂರಲ್ಮಲಗಳಲ್ಲಿ ಬೆಟ್ಟ ಕುಸಿದು ನೂರಾರು ಜನ ಪ್ರಾಣ ಕಳೆದುಕೊಂಡದ್ದನ್ನು ನಾವಾರೂ ಮರೆಯುವಂತಿಲ್ಲ.

ಸಂಖ್ಯೆಯನ್ನು ಮೀರಿದ ಕೊಡುಗೆ

ಇಷ್ಟು ಕಿರಿದಾದ ಸಮಾಜವು ನಾಡಿನ ಸಾರ್ವಜನಿಕ ಜೀವನಕ್ಕೆ ಕೊಟ್ಟ ಕಾಣಿಕೆ ಕಿರಿದಲ್ಲ. ಎಂ. ಕೆ. ಜಿನಚಂದ್ರನ್ ಅವರು 1957ರಲ್ಲಿ ತಲಶ್ಶೇರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಎಂ. ಕೆ. ಪದ್ಮಪ್ರಭ ಗೌಡರ್ ಸಮಾಜವಾದಿ ನಾಯಕರಾಗಿ ಹೆಸರಾದವರು. ಅವರ ಸ್ಮರಣೆಯಲ್ಲಿ ಸ್ಥಾಪಿತವಾದ ಪದ್ಮಪ್ರಭಾ ಪುರಸ್ಕಾರವು ಮಲಯಾಳ ಸಾಹಿತ್ಯದ ಗಣ್ಯ ಪ್ರಶಸ್ತಿಗಳಲ್ಲೊಂದು. ಅವರ ಪುತ್ರ ಎಂ. ಪಿ. ವೀರೇಂದ್ರಕುಮಾರ್ (1936–2020) ಮಾತೃಭೂಮಿ ಪತ್ರಿಕೆಯ ಸಾರಥ್ಯ ವಹಿಸಿ, ಕೋಳಿಕ್ಕೋಡಿನಿಂದ ಎರಡು ಬಾರಿ ಲೋಕಸಭೆಯನ್ನು ಪ್ರವೇಶಿಸಿ, ಕೇಂದ್ರ ಸಚಿವರೂ ಆಗಿದ್ದರು. ಹಿಮಾಲಯ ಯಾತ್ರೆಯನ್ನು ಕುರಿತ ಅವರ 'ಹೈಮವತಭೂವಿಲ್' ಕೃತಿಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಕನ್ನಡ ಮೂಲದ ಒಂದು ಜೈನ ಮನೆತನವು ಮಲಯಾಳ ಭಾಷೆಯನ್ನು ತನ್ನದಾಗಿಸಿಕೊಂಡು ಅದನ್ನು ಶ್ರೀಮಂತಗೊಳಿಸಿತು. ನುಡಿ ಬದಲಾದರೂ ಧರ್ಮದ ನೆನಪು ಬದಲಾಗಲಿಲ್ಲ. ಅನಂತನಾಥ, ಪದ್ಮಪ್ರಭ, ಜಿನಚಂದ್ರರ ಹೆಸರುಗಳು ಮನೆಯಲ್ಲಿಯೂ ಬಸದಿಯಲ್ಲಿಯೂ ಒಂದೇ ಆಗಿ ಉಳಿದವು.

ನಮ್ಮ ಕರ್ತವ್ಯ

ವಯನಾಡಿನ ಇತಿಹಾಸದಿಂದ ನಾವು ಗ್ರಹಿಸಬೇಕಾದ ಪಾಠ ಸರಳವಾದುದು. ಕಲ್ಲಿನ ಬಸದಿಯನ್ನು ಸರ್ಕಾರ ಕಾಯಬಲ್ಲದು. ಪೂಜೆಯನ್ನು ಶ್ರಾವಕನೇ ಕಾಯಬೇಕು. ಹನ್ನೆರಡು ಬೀದಿಯ ವೈಭವವು ಜನ ಚದುರಿದ ಬಳಿಕ ಒಂದು ಸ್ಮಾರಕವಾಯಿತು. ಒಳಗ್ರಾಮಗಳ ಚಿಕ್ಕ ಬಸದಿಗಳು ಕೆಲವೇ ಮನೆಗಳ ನಿಷ್ಠೆಯಿಂದ ಜೀವಂತ ಕ್ಷೇತ್ರಗಳಾಗಿ ಉಳಿದವು. ಆದುದರಿಂದ ನೂತನ ಬಿಂಬದ ಪ್ರತಿಷ್ಠೆಯಷ್ಟೇ ಮುಖ್ಯವಾದುದು ಅದರ ಸುತ್ತ ಬಾಳುವ ಮನೆಗಳ ಯೋಗಕ್ಷೇಮ.

ಅದಕ್ಕಾಗಿ ಮೂರು ಕಾರ್ಯಗಳನ್ನು ಸಮಾಜ ಬಾಂಧವರ ಮುಂದಿಡಬಯಸುತ್ತೇನೆ. ಪ್ರತಿಯೊಂದು ಬಸದಿಯಲ್ಲಿಯೂ ಅದಕ್ಕೆ ಸೇರಿದ ಮನೆತನಗಳ ಹೆಸರು, ಮೂಲಸ್ಥಾನ, ಸದಸ್ಯರ ಸಂಖ್ಯೆ, ಊರು ಬಿಟ್ಟುಹೋದವರ ಈಗಿನ ವಾಸಸ್ಥಳ ಇವುಗಳನ್ನು ಬರೆದಿಡುವ ಒಂದು ದಾಖಲೆ ಪುಸ್ತಕವಿರಲಿ. ಹಿರಿಯರು ಕಣ್ಮರೆಯಾಗುವ ಮೊದಲೇ ಅದು ಸಿದ್ಧವಾಗಬೇಕು. ಎರಡನೆಯದಾಗಿ, ಜನಗಣತಿಯವರು ಮನೆಗೆ ಬಂದಾಗ ಧರ್ಮದ ಅಂಕಣದಲ್ಲಿ 'ಜೈನ' ಎಂದೇ ತಪ್ಪದೆ ಬರೆಸಬೇಕು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ರಾಷ್ಟ್ರೀಯ ಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿದೆ. ವಯನಾಡಿನಂತಹ ಕಡೆ ಒಂದೊಂದು ಮನೆಯ ಲೆಕ್ಕವೂ ಸಮಾಜದ ಚಿತ್ರವನ್ನು ಬದಲಿಸಬಲ್ಲದು. ಮೂರನೆಯದಾಗಿ, ತೀರ್ಥಯಾತ್ರೆ ಕೈಗೊಳ್ಳುವ ನಮ್ಮ ಸಂಘಗಳು ಪ್ರಸಿದ್ಧ ಕ್ಷೇತ್ರಗಳೊಡನೆ ವಯನಾಡಿನ ಬಸದಿಗಳನ್ನೂ ಸೇರಿಸಿಕೊಳ್ಳಲಿ. ಬಂಡೀಪುರದ ಕಾಡಿನಲ್ಲಿ ರಾತ್ರಿಯ ಸಂಚಾರಕ್ಕೆ 2009ರಿಂದ ನಿಷೇಧವಿರುವುದರಿಂದ ಹಗಲಿನಲ್ಲಿಯೇ ಪ್ರಯಾಣ ಬೆಳೆಸಬೇಕು. ಬತ್ತೇರಿಯ ಶೂನ್ಯ ಗರ್ಭಗೃಹವನ್ನು ಕಂಡು, ಪುಳಿಯಾರ್ಮಲದ ಅನಂತನಾಥ ಸ್ವಾಮಿಯ ಅಭಿಷೇಕದಲ್ಲಿ ಭಾಗಿಗಳಾಗಿ ಮರಳಿದವರಿಗೆ ತಮ್ಮ ಊರಿನ ಬಸದಿಯ ಬೆಲೆ ಏನೆಂಬುದು ತಾನಾಗಿಯೇ ಮನವರಿಕೆಯಾಗುವುದು.

ಕಬಿನಿಯ ಮೇಲ್ದಂಡೆಯಲ್ಲಿರುವ ಆ ಕೆಲವು ಮನೆಗಳವರೂ ಕೆಳದಂಡೆಯಲ್ಲಿರುವ ನಾವೂ ಒಂದೇ ಸಂಘದವರು. ಅವರ ಬಸದಿಗಳಲ್ಲಿಯೂ ನಮ್ಮ ಬಸದಿಗಳಲ್ಲಿಯೂ ದೀಪ ನಂದದಿರಲಿ. ಪ್ರತಿಷ್ಠಾಪಿತ ಜಿನಬಿಂಬದ ಮುಂದೆ ಪ್ರತಿದಿನವೂ ಕೈಮುಗಿದು ನಿಲ್ಲುವ ಶ್ರಾವಕ ಶ್ರಾವಿಕೆಯರು ಎಂದಿಗೂ ಇರಲಿ ಎಂದು ಪ್ರಾರ್ಥಿಸುತ್ತೇನೆ.